‘ಸಾಕು’ ಕಲಿಸಿದ ಮೇಡಂ

ಮೇಡಂ ಪಾಠ ಶುರು ಮಾಡಿದರೆ ಕಾಲೇಜಿನ ಗೇಟಿನ ಹೊರಗೆ ವಡಾಪಾವ್ ಮಾರುವವನಿಗೂ ಕೇಳಿಸುತ್ತಿತ್ತು. ನಮ್ಮ ಬ್ಯಾಚಿನಲ್ಲಿ ಎರಡು ಸಲ ಫೇಲಾದವನಿಗಿಂತ ಆ ವಡಾಪಾವಿನವನಿಗೇ ಔಷಧಶಾಸ್ತ್ರ ಚೆನ್ನಾಗಿ ಬರುತ್ತದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಎರಡು ಸಲ ಫೇಲಾದವನು ನಾನೇ ಆಗಿದ್ದರಿಂದ ಆ ಮಾತು ನನಗೆ ಅಷ್ಟು ರುಚಿಸುತ್ತಿರಲಿಲ್ಲ.

ಅವರು ಇಚಲಕರಂಜಿಯವರು. ಮನೆಯ ಮುಂದಿನ ಅರ್ಧ ಮಗ್ಗದ ಶೆಡ್ಡು, ಹಿಂದಿನ ಅರ್ಧ ಸಂಸಾರ. ಪವರ್‌ಲೂಮಿನ ಖಟಖಟ ಸದ್ದಿನಲ್ಲಿ ಬೆಳೆದವರಿಗೆ ಎರಡು ವಿದ್ಯೆ ತಾವಾಗಿಯೇ ಬರುತ್ತವೆ. ಒಂದು ಕೂಗಿ ಮಾತಾಡುವುದು, ಇನ್ನೊಂದು ಎದುರಿನವರ ತುಟಿ ನೋಡಿಯೇ ಮಾತು ತಿಳಿಯುವುದು. ಹಿಂದಿನ ಬೆಂಚಿನಲ್ಲಿ ನಾವು ಸದ್ದಿಲ್ಲದೆ ಬಾಯಿ ಆಡಿಸಿ ಚಹಾದ ಅಂಗಡಿಗೆ ಹೋಗುವ ಹೊತ್ತು ಗೊತ್ತು ಮಾಡುತ್ತಿದ್ದರೆ, ಮೇಡಂ ಹಾಜರಿ ಪುಸ್ತಕ ಕೆಳಗಿಟ್ಟು, “ಹನ್ನೊಂದಕ್ಕ ಬ್ಯಾಡ, ಹನ್ನೊಂದೂವರಿಗೆ ಹೋಗ್ರಿ. ನಾನೂ ಬರ್ತೇನಿ” ಎನ್ನುತ್ತಿದ್ದರು. ನಿಜವಾಗಿಯೂ ಬರುತ್ತಿದ್ದರು. ಅವರು ಎದುರಿಗೆ ಕುಳಿತ ಮೇಲೆ ಆ ಚಹಾ ಯಾರ ಗಂಟಲಲ್ಲೂ ಸಲೀಸಾಗಿ ಇಳಿಯುತ್ತಿರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಉತ್ತರ ಪತ್ರಿಕೆಯ ಮೇಲೆ ಯಾರಾದರೂ ಹೆಸರು ಬರೆದರೆ ಅವರಿಗೆ ಕೆಂಡದಂಥ ಸಿಟ್ಟು ಬರುತ್ತಿತ್ತು. “ಹೆಸರ ನೋಡಿದ್ರ ಕೈ ಬಗ್ಗತೈತಿ, ನಂಬರ್ ಅಷ್ಟ ಬರೀರಿ” ಎನ್ನುತ್ತಿದ್ದರು. ಕಳೆದ ತಿಂಗಳು ಅವರು ತೀರಿಕೊಂಡರು. ಅವರಿಗೆ ನನ್ನ ಮೇಲೆ ಈಗಲೂ ಸಿಟ್ಟು ಬರಬಹುದು ಎಂಬ ಹೆದರಿಕೆ ನನಗೆ ಹೋಗಿಲ್ಲ.

ನಾನು ನೇಸರಿಯವನು. ಗಡಹಿಂಗ್ಲಜದಲ್ಲಿ ಸಣ್ಣದೊಂದು ಔಷಧದ ಅಂಗಡಿ ಇಟ್ಟುಕೊಂಡಿದ್ದೇನೆ. ಕೊಲ್ಹಾಪುರದ ಹೊರವಲಯದ ಆ ಕಾಲೇಜಿನಲ್ಲಿ ಪಾಠವೆಲ್ಲ ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತು ಬಂದ ನಮ್ಮಂಥ ಗಡಿಯ ಹಳ್ಳಿಗಳ ನಾಲ್ಕಾರು ಹುಡುಗರು ಇಂಗ್ಲಿಷಿನ ಔಷಧದ ಹೆಸರುಗಳ ಮುಂದೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದೆವು. ಮೇಡಂ ನಮ್ಮನ್ನು ಕ್ಲಾಸು ಮುಗಿದ ಮೇಲೆ ಅರ್ಧ ತಾಸು ನಿಲ್ಲಿಸಿಕೊಳ್ಳುತ್ತಿದ್ದರು. ಆಗ ಅವರ ಬಾಯಿಂದ ಬರುತ್ತಿದ್ದ ಕನ್ನಡದಲ್ಲಿ ಮರಾಠಿ ಎಷ್ಟು, ಕನ್ನಡ ಎಷ್ಟು ಎಂದು ಬೇರೆ ಮಾಡುವುದು ಕಷ್ಟವಿತ್ತು, ಆದರೆ ಅರ್ಥವಾಗದೆ ಉಳಿದ ಮಾತು ಒಂದೂ ಇಲ್ಲ. ಅವರಿಗೆ ಪ್ರತಿಯೊಂದು ಔಷಧವೂ ಮನೆಗೆ ಬರುವ ನೆಂಟ. ಯಾವ ಗುಳಿಗೆಯ ಹೆಸರು ಹೇಳಿದರೂ ಅವರದು ಮೂರೇ ಪ್ರಶ್ನೆ.

“ಎಲ್ಲಿ ಕುಂದರ್ತಾನ? ಯಾವಾಗ ಬರ್ತಾನ? ಯಾವಾಗ ಹೋಗ್ತಾನ? ಇಷ್ಟ ಹೇಳ್ರಿ ನನಗ. ಉಳದದ್ದು ಬಾಟ್ಲಿ ಮ್ಯಾಲ ಬರದಿರತೈತಿ.”

ಕ್ಯಾನಬಿನಾಯ್ಡುಗಳ ಪಾಠ, ಅಂದರೆ ಗಾಂಜಾ-ಭಂಗಿಯಲ್ಲಿರುವ ವಸ್ತುಗಳು ಮೈಯಲ್ಲಿ ಏನು ಮಾಡುತ್ತವೆ ಎಂಬ ಪಾಠ, ನಮ್ಮ ಪುಸ್ತಕದಲ್ಲಿ ಅರ್ಧ ಪುಟವೂ ಇರಲಿಲ್ಲ. ಬೇರೆ ಮೇಷ್ಟ್ರುಗಳು ಅದನ್ನು ‘ಓದಿಕೊಳ್ಳಿ’ ಎಂದು ಬಿಟ್ಟುಬಿಡುತ್ತಿದ್ದರು. ಮೇಡಂ ಮಾತ್ರ ಪ್ರತಿ ವರ್ಷ ಶಿವರಾತ್ರಿಯ ಹಿಂದಿನ ವಾರ ಅದಕ್ಕೆ ಎರಡು ತಾಸು ತೆಗೆದಿಡುತ್ತಿದ್ದರು. “ಇದು ನಿಮ್ಮ ಅಂಗಡ್ಯಾಗ ಬರಂಗಿಲ್ಲ. ಆದ್ರ ಇದನ್ನ ಕುಡದವರು ನಿಮ್ಮ ಅಂಗಡಿಗೇ ಬರ್ತಾರ” ಎಂಬುದು ಅವರ ಸಮಜಾಯಿಷಿ.

ಆ ದಿನ ಅವರು ಒಂದು ಚೀಲ ಹುರಿದ ಶೇಂಗಾ ತಂದಿದ್ದರು. ಬೆಂಚು ಸರಿಸಿ ನಮ್ಮನ್ನೆಲ್ಲ ನೆಲದ ಮೇಲೆ ಸಾಲಾಗಿ ಪಂಕ್ತಿ ಕೂರಿಸಿದರು. ಎಲೆಯ ಬದಲು ಮುಂದೆ ನೋಟ್‌ಬುಕ್ಕು. ಇಬ್ಬರು ಹುಡುಗಿಯರು ಬಡಿಸಲು ನಿಂತರು. ನಮ್ಮ ಕಡೆ ಪಂಕ್ತಿಯಲ್ಲಿ ಬಡಿಸುವವರ ಹಟ ಗೊತ್ತಿದ್ದದ್ದೇ. ಬೇಡ ಎಂದು ಬಾಯಿಂದ ಹೇಳಿದರೆ ಯಾರೂ ಕೇಳುವುದಿಲ್ಲ, ಎಲೆಯ ಮೇಲೆ ಕೈ ಅಡ್ಡ ಹಿಡಿಯಲೇಬೇಕು. ಶೇಂಗಾ ಬಿದ್ದವು, ಬಿದ್ದವು, ನೋಟ್‌ಬುಕ್ಕಿನಿಂದ ಉರುಳಿ ನೆಲಕ್ಕೂ ಬಿದ್ದವು. ಕೊನೆಗೆ ನನ್ನ ಪಕ್ಕದವನು ಕೈ ಅಡ್ಡ ಹಿಡಿದ.

“ನಿಂದ್ರಿ!” ಮೇಡಂ ಕೂಗಿದ ರಭಸಕ್ಕೆ ಬಡಿಸುವ ಹುಡುಗಿ ನಿಜವಾಗಿಯೂ ಬೆಚ್ಚಿದಳು. “ಈಗ ಏನಾತು ಹೇಳ್ರಿ. ಬಡಸೋದು ಒಂದು ನರ. ಉಣ್ಣೋದು ಇನ್ನೊಂದು ನರ. ಸುದ್ದಿ ಯಾವಾಗ್ಲೂ ಬಡಸೋವರಿಂದ ಉಣ್ಣೋವರ ಕಡೆ ಹೋಗತೈತಿ. ಆದ್ರ ಈ ಕೈ? ಇದು ಉಣ್ಣೋವನ ಕಡಿಂದ ಹಿಂದಕ್ಕ ಹೋದ ಸುದ್ದಿ. ಸಾಕು ಅನ್ನೋ ಸುದ್ದಿ.”

ನಮ್ಮ ಮೈಯೇ ಈ ಸುದ್ದಿಯ ವಸ್ತುವನ್ನು ತಯಾರಿಸಿಕೊಳ್ಳುತ್ತದೆ ಎಂದು ಅವರು ಹೇಳಿದಾಗ ನಾವು ನಂಬಲಿಲ್ಲ. ಭಂಗಿಯಂಥದ್ದು ಮೈಯೊಳಗೇ ಹುಟ್ಟುತ್ತದೆಯೇ? ಹುಟ್ಟುತ್ತದೆ ಎಂದರು. ಬೇಕಾದಾಗ ಬೇಕಾದಲ್ಲಿ ಹುಟ್ಟುತ್ತದೆ, ಕೆಲಸ ಮುಗಿದ ಕೂಡಲೇ ಅಲ್ಲೇ ಇರುವ ಕಿಣ್ವ ಅದನ್ನು ಮುರಿದು ಹಾಕುತ್ತದೆ. ಬಡಿಸುವವರು ಮುಂದೆ ಹೋದ ಮೇಲೆ ನಾವು ಎಲೆಯ ಮೇಲಿಂದ ಕೈ ತೆಗೆಯುವುದಿಲ್ಲವೇ, ಹಾಗೆ. ಆ ಕೈಯನ್ನು ನೋಡುವ ಕಣ್ಣೇ ರಿಸೆಪ್ಟರ್. ಅದು ಉಣ್ಣುವವನಲ್ಲಿ ಇಲ್ಲ, ಬಡಿಸುವವನಲ್ಲಿ ಇದೆ. ಅಂಥ ಕಣ್ಣುಗಳಲ್ಲಿ ಎರಡು ಥರ. ಸಿಬಿ ಒಂದು ಎಂಬುದು ಹೆಚ್ಚಾಗಿ ಮಿದುಳು, ನರಗಳಲ್ಲಿ. ಸಿಬಿ ಎರಡು ಎಂಬುದು ರಕ್ತದಲ್ಲಿ ಕಾವಲು ತಿರುಗುವ ಜೀವಕೋಶಗಳ ಮೇಲೆ.

“ಆ ವಸ್ತುವಿಗೆ ಹೊರದೇಶದವರು ನಮ್ಮ ‘ಆನಂದ’ ಶಬ್ದ ತಗೊಂಡು ಆನಂದಮೈಡ್ ಅಂತ ಹೆಸರಿಟ್ಟಾರ. ನನಗ ಕೇಳಿದ್ರ ನಾ ‘ಸಾಕು’ ಅಂತ ಇಡತಿದ್ದೆ. ಆನಂದಕ್ಕಿಂತ ಅದು ದೊಡ್ಡ ಮಾತು.”

ಆಮೇಲೆ ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನನ್ನು ಎಬ್ಬಿಸಿ, ನಮ್ಮ ಐದಾರು ಜನರ ನೋಟ್‌ಬುಕ್ಕುಗಳ ಮೇಲೆ ಅಡ್ಡಡ್ಡ ಮಲಗಲು ಹೇಳಿದರು. ಅವನು ಮಲಗಿದ. “ಭಂಗಿ ಅಂದ್ರ ಇವ. ಯಾರಿಗೆ ಸಾಕಾಗೇತಿ, ಯಾರಿಗೆ ಇನ್ನೂ ಬೇಕಾಗೇತಿ, ಇವಗ ಗೊತ್ತಿಲ್ಲ. ಎಲ್ಲಾರ ಎಲಿ ಮ್ಯಾಲೂ ಇವಂದ ಕೈ. ನಿಮ್ಮ ಸ್ವಂತ ಕೈ ಆದ್ರ ತಗೀತಿದ್ರಿ. ಇವನ್ನ ಮುರಿಯೋ ಕಿಣ್ವ ಅಲ್ಲಿಲ್ಲ. ಲಿವರ್ ತಾಸ್‌ಗಟ್ಟಲೆ ದುಡೀಬೇಕು, ಅಷ್ಟಾಗೀನೂ ಕೊಬ್ಬಿನಾಗ ದಿನಗಟ್ಟಲೆ ಅಡಗಿ ಕುಂತಿರ್ತಾನ.”

ಈಗ ಯಾವ ಪಂಕ್ತಿಯಲ್ಲಿ ಬಡಿಸುವುದು ನಿಂತರೆ ಏನಾಗುತ್ತದೆ ಎಂದು ಒಂದೊಂದಾಗಿ ಕೇಳತೊಡಗಿದರು. ನೆನಪಿನ ಪಂಕ್ತಿಯಲ್ಲಿ ನಿಂತರೆ ಮನುಷ್ಯ ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಮೈಯ ಸಮತೋಲದ ಪಂಕ್ತಿಯಲ್ಲಿ ನಿಂತರೆ ನೆಲ ವಾಲುತ್ತದೆ. ಹೊಟ್ಟೆ ತುಂಬಿದೆ ಎಂದು ಸಾರುವವರ ಬಾಯಿ ಕಟ್ಟಿದರೆ ಉಂಡವನಿಗೂ ಹಸಿವು. ಕರುಳಿನಲ್ಲಾದರೆ ಹೊಟ್ಟೆ ತನ್ನ ನಡಿಗೆ ನಿಧಾನ ಮಾಡುತ್ತದೆ, ಬಿದ್ದದ್ದು ಬಿದ್ದಲ್ಲೇ ಕೂತಿರುತ್ತದೆ. ಉಸಿರು ಆಡಿಸುವ ಜಾಗದಲ್ಲಿ ಮಾತ್ರ ಈ ಕಣ್ಣುಗಳು ಬಲು ಕಮ್ಮಿ, ಆದ್ದರಿಂದ ಅಫೀಮಿನ ಹಾಗೆ ಇದು ಸುಲಭಕ್ಕೆ ಉಸಿರು ನಿಲ್ಲಿಸುವುದಿಲ್ಲ. “ಅಷ್ಟಕ್ಕ ಕುಣೀಬ್ಯಾಡ್ರಿ. ಎದಿ ಬಡಿತ ಓಡತೈತಿ. ಕುಂತವರು ಗಪ್ಪನ ಎದ್ರ ಬಿ.ಪಿ. ಇಳದು ಬೀಳತಾರ. ವಯಸ್ಸಾದವರು ಬಿದ್ರ ಏನು ಮುರೀತೈತಿ ನಿಮಗ ಗೊತ್ತೈತಿ.”

ಕೊನೆಯ ಮಾತನ್ನು ಅವರು ಬೋರ್ಡಿನ ಮೇಲೆ ಬರೆಸಿದರು. ಸೇದಿದರೆ ನಿಮಿಷಗಳಲ್ಲಿ ಬರುತ್ತಾನೆ. ಕುಡಿದರೆ ಹೊಟ್ಟೆ ದಾಟಿ, ಲಿವರಿನಲ್ಲಿ ಇನ್ನೂ ಜೋರಿನ ರೂಪ ತೊಟ್ಟು, ಒಂದು ತಾಸಿಗೋ ಎರಡು ತಾಸಿಗೋ ಬರುತ್ತಾನೆ. “ನಮ್ಮ ಮಂದಿ ಏನ ಮಾಡ್ತಾರ? ಅರ್ಧ ತಾಸ ನೋಡ್ತಾರ. ಏನೂ ಆಗಲಿಲ್ಲ ಅಂತ ಇನ್ನೊಂದು ಗ್ಲಾಸ ಎತ್ತತಾರ. ಮೊದಲನೇ ನೆಂಟ ಇನ್ನೂ ಹಾದ್ಯಾಗ ಇರ್ತಾನ್ರಿ!”

ನಾವು ನಕ್ಕು, ಶೇಂಗಾ ತಿಂದು, ಸಿಪ್ಪೆ ಗುಡಿಸಿ ಮನೆಗೆ ಹೋದೆವು. ಆ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಇದನ್ನೇ ಕೇಳಿದರು. ನಾನು ಪಂಕ್ತಿಯ ಕತೆಯನ್ನು ಮರಾಠಿಯಲ್ಲಿ ಚಾಚೂ ತಪ್ಪದೆ ಒಪ್ಪಿಸಿದೆ. ಜನ್ಮದಲ್ಲಿ ಮೊದಲ ಸಲ ಪರೀಕ್ಷಕರೊಬ್ಬರು ನನಗೆ ‘ಶಾಬ್ಬಾಸ್’ ಅಂದದ್ದು ಆವತ್ತು. ನಾನು ಪಾಸಾದದ್ದು ಆ ಶೇಂಗಾದ ಪುಣ್ಯದಿಂದ.

ಅಂಗಡಿ ಹಾಕಿದ ಮೇಲೂ ಅವರಿಂದ ನನಗೆ ಬಿಡುಗಡೆ ಇರಲಿಲ್ಲ. ಪ್ರತಿ ಬೇಸಿಗೆಯ ಆರಂಭಕ್ಕೆ ಮೇಡಂ ಮೆಣಸಿನಕಾಯಿ ಕೊಳ್ಳಲು ಗಡಹಿಂಗ್ಲಜದ ಪೇಟೆಗೆ ಬರುತ್ತಿದ್ದರು. ಬಸ್ಸಿಳಿದು ನೇರ ನನ್ನ ಅಂಗಡಿ. ಗಿರಾಕಿಗಳ ಸಾಲಿನಲ್ಲೇ ನಿಂತು, ತಮ್ಮ ಪಾಳಿ ಬಂದಾಗ ಎದುರಿಗಿದ್ದ ಯಾವುದೋ ಗುಳಿಗೆಯ ಹಾಳೆ ಎತ್ತಿ, ಆ ಗಂಟಲಿನಲ್ಲಿ, “ಇಂವ ಎಲ್ಲಿ ಕುಂದರ್ತಾನ?” ಎಂದು ಕೇಳುತ್ತಿದ್ದರು. ಅಂಗಡಿಯೆಲ್ಲ ನನ್ನ ಮುಖ ನೋಡುತ್ತಿತ್ತು. ಹೇಳದೆ ಉಪಾಯವಿಲ್ಲ. ಒಂದು ಸಲ ಹಿಂದೆ ನಿಂತಿದ್ದ ಹಾಲು ಮಾರುವ ಅಜ್ಜಿ ಇದನ್ನು ಕೇಳಿಸಿಕೊಂಡಳು. ಅಂದಿನಿಂದ ಆಕೆಯೂ ತನ್ನ ಮಂಡಿನೋವಿನ ಗುಳಿಗೆ ಕೈಗೆತ್ತಿಕೊಂಡು, “ಇಂವ ಎಲ್ಲಿ ಕುಂದರ್ತಾನೋ ತಮ್ಮಾ?” ಎಂದು ಕೇಳದೆ ಹೋಗುವುದಿಲ್ಲ. ಮೊದಮೊದಲು ನನಗೆ ಇದು ಕಿರಿಕಿರಿ ಆಗುತ್ತಿತ್ತು. ಈಗ ಯಾರೂ ಕೇಳದಿದ್ದರೆ ನಾನೇ ಹೇಳುತ್ತೇನೆ.

ಇಷ್ಟೆಲ್ಲ ಕಲಿತವನು ನಾನು. ಈಗ ನಾನು ಮಾಡಿದ್ದನ್ನು ಹೇಳಬೇಕು.

ನಾಲ್ಕು ವರ್ಷದ ಹಿಂದಿನ ಶಿವರಾತ್ರಿ. ನೇಸರಿಯಲ್ಲಿ ನಮ್ಮ ಕಬ್ಬಿನ ಹೊಲದ ತುದಿಗೆ ಒಂದು ಮನೆಯಿದೆ. ಆ ದಿನ ನಮ್ಮ ಮನೆತನದ ಗಂಡಸರೆಲ್ಲ ಉಪವಾಸ ಹಿಡಿದು ಅಲ್ಲಿ ಸೇರುತ್ತಾರೆ. ಅಪ್ಪನ ತಮ್ಮ, ನಮ್ಮ ಕಾಕಾ, ಬದಾಮಿ, ಗಸಗಸೆ, ಮೆಣಸು, ಜೊತೆಗೆ ಭಂಗಿ ಹಾಕಿ ಅರೆದು ಹಾಲಿನ ಠಂಡಾಯಿ ಮಾಡುತ್ತಾರೆ. ವರ್ಷಕ್ಕೆ ಒಂದೇ ದಿನ, ಒಂದೇ ಗ್ಲಾಸು. ಅದನ್ನು ನಮ್ಮಲ್ಲಿ ಯಾರೂ ಕುಡಿಯುವುದು ಎನ್ನುವುದಿಲ್ಲ, ಪ್ರಸಾದ ತಗೊಳ್ಳುವುದು ಎನ್ನುತ್ತೇವೆ. ಅದರಿಂದ ಉಪವಾಸ ಮುರಿಯುವುದೂ ಇಲ್ಲ.

ಅಪ್ಪನಿಗೆ ಆಗ ಎಪ್ಪತ್ತು ದಾಟಿತ್ತು. ಊರಿನಲ್ಲಿ ಬದುವಿನ ಜಗಳ, ಪಾಲಿನ ಜಗಳ ಎಂದರೆ ಅಪ್ಪನನ್ನು ಕರೆಯುತ್ತಾರೆ. ಅಂಥ ಮನುಷ್ಯ. ಬೆಳಗ್ಗೆ ಹನ್ನೊಂದಕ್ಕೆ ಒಂದು ಗ್ಲಾಸು ತಗೊಂಡರು. ಅರ್ಧ ತಾಸಿಗೆ ನಾನು ಚೆಂಬು ಹಿಡಿದು ಎರಡನೆಯ ಸುತ್ತಿಗೆ ಬಂದೆ. ಊರಲ್ಲಿ ಅಪರೂಪಕ್ಕೆ ಸಿಗುವ ಮಗ, ಬಡಿಸುವ ಹುಮ್ಮಸ್ಸು. ಅಪ್ಪ ಗ್ಲಾಸಿನ ಮೇಲೆ ಅಂಗೈ ಇಟ್ಟು, “ಸಾಕೋ ತಮ್ಮಾ” ಅಂದರು.

“ಏನೂ ಆಗಿಲ್ಲಲ್ರೀ ಅಪ್ಪಾ, ತಗೋರಿ” ಎಂದು ನಾನು ಅವರ ಕೈಯನ್ನು ಪಕ್ಕಕ್ಕೆ ಸರಿಸಿದೆ. ಗ್ಲಾಸು ತುಂಬಿಸಿದೆ. ಕಿರಿಯರು ಕೊಟ್ಟದ್ದನ್ನು ಹಿರಿಯರು ತಳ್ಳಬಾರದೆಂದು ಅಪ್ಪ ಕುಡಿದರು. ಮೌಖಿಕ ಪರೀಕ್ಷೆಯಲ್ಲಿ ಶಾಬ್ಬಾಸ್‌ಗಿರಿ ತಗೊಂಡ ಮಹಾಶಯ ನಾನು ಅದನ್ನು ನೋಡುತ್ತ ನಕ್ಕೆ.

ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅಪ್ಪ ಬಾವಿಯ ಕಡೆ ಹೋಗಲು ಗಪ್ಪನೆ ಎದ್ದು ನಿಂತರು. ಎರಡು ಹೆಜ್ಜೆ ಇಟ್ಟು ಕಡಿದ ಗಿಡದ ಹಾಗೆ ಬಿದ್ದರು. ಗಡಹಿಂಗ್ಲಜದಲ್ಲಿ ಎಕ್ಸ್‌ರೇ ತೆಗೆದವರು ಸೊಂಟದ ಎಲುಬು ಮುರಿದಿದೆ, ಕೊಲ್ಹಾಪುರಕ್ಕೆ ಒಯ್ಯಿರಿ ಎಂದರು. ಕಾಕಾನ ಗಾಡಿಯಲ್ಲಿ ಹಿಂದಿನ ಸೀಟಿಗೆ ಅಪ್ಪನನ್ನು ಮಲಗಿಸಿಕೊಂಡು ಹೊರಟೆವು. ದಾರಿಯಲ್ಲಿ ಕಾಕಾ ಒಂದೇ ಮಾತು ಆಡಿದರು. “ಭಂಗೀ ಸುದ್ದಿ ಅಲ್ಲಿ ಎತ್ತಬ್ಯಾಡ. ಅಣ್ಣನ ಮಾನ ಹೋಗತೈತಿ. ನೀ ಔಷಧದ ಅಂಗಡಿಯಾಂವ, ನಿನ್ನ ಮಾನಾನೂ ಹೋಗತೈತಿ.” ನಾನು ಹೂಂ ಎಂದೆ. ಮಾನಕ್ಕಿಂತ ಹೆಚ್ಚಾಗಿ, ಅಪ್ಪನ ಕೈ ಸರಿಸಿದವನು ನಾನೇ ಎಂದು ಯಾರಿಗೂ ತಿಳಿಯಬಾರದು ಎಂಬುದು ನನ್ನ ಒಳಗಿನ ಲೆಕ್ಕವಾಗಿತ್ತು.

ನಾಲ್ಕೂವರೆಗೆ ಆಸ್ಪತ್ರೆ ಸೇರಿದೆವು. ಸರ್ಜನ್ ಮರುದಿನ ಊರಲ್ಲಿ ಇರುವುದಿಲ್ಲವಾದ್ದರಿಂದ ಸಂಜೆ ಏಳಕ್ಕೇ ಆಪರೇಷನ್ ಮಾಡುವುದೆಂದಾಯಿತು. ಅರಿವಳಿಕೆ ಕೊಡುವ ಡಾಕ್ಟರು ಬಂದರು. ಎಳೆಯ ವಯಸ್ಸಿನವರು, ಮೆದು ಮಾತು, ಮರಾಠಿ. ಬೆಳಗಿನಿಂದ ಏನು ತಿಂದಿದ್ದಾರೆ ಎಂದು ಕೇಳಿದರು.

“ಆಜ ಉಪವಾಸ ಆಹೇ ಡಾಕ್ಟರ್” ಅಂದೆ. ಇವತ್ತು ಉಪವಾಸ. ಅವರಿಗೆ ಖುಷಿಯಾಯಿತು. ಖಾಲಿ ಹೊಟ್ಟೆಯ ಪೇಷಂಟು ಸಿಗುವುದು ಅವರಿಗೆ ಸುದೈವ. ದಾರೂ, ತಂಬಾಕು, ಬೇರೆ ಯಾವುದಾದರೂ ಚಟ ಎಂದು ಕೇಳಿದರು. “ನಾಹೀ” ಅಂದೆ. ನಮ್ಮ ಮನೆಯ ಯಾರನ್ನೇ ಕೇಳಿದ್ದರೂ ಇವೇ ಎರಡು ಉತ್ತರ ಬರುತ್ತಿದ್ದವು, ಮತ್ತು ಅವರು ಯಾರೂ ಸುಳ್ಳು ಹೇಳಿದೆವೆಂದು ತಿಳಿಯುತ್ತಿರಲಿಲ್ಲ. ನನಗೆ ಮಾತ್ರ ತಿಳಿದಿತ್ತು.

ಅಪ್ಪನ ಎದೆಬಡಿತ ಓಡುತ್ತಿತ್ತು. ನೋವಿಗೆ ಇರಬೇಕು ಎಂದರು ಡಾಕ್ಟರು. ಅಪ್ಪ ಇದು ಯಾವ ಊರು ಎಂದು ಆರು ಸಲ ಕೇಳಿದ್ದರು. ವಯಸ್ಸು, ಗಾಬರಿ ಎಂದರು. ನಾನು ಅದಕ್ಕೂ ತಲೆ ಆಡಿಸಿದೆ.

ದಾರಿಯಲ್ಲಿ ನಾನು ಮೇಡಂಗೆ ಫೋನು ಮಾಡಿದ್ದೆ, ಆಸ್ಪತ್ರೆ ಒಳ್ಳೆಯದೇ ಎಂದು ಕೇಳಲು. ಅವರು ಐದೂಕಾಲಕ್ಕೆ ತಾವೇ ಬಂದುಬಿಟ್ಟರು. ಆಗ ಅವರು ನಿವೃತ್ತರಾಗಿದ್ದರು, ಮನೆ ಕೊಲ್ಹಾಪುರದಲ್ಲೇ ಇತ್ತು. ಮಂಚದ ಪಕ್ಕ ನಿಂತು ಅಪ್ಪನಿಗೆ ಕೈಮುಗಿದರು. ಅಪ್ಪ ನಕ್ಕರು. ಮುರಿದ ಸೊಂಟದ ಮನುಷ್ಯ ಹಾಗೆ ನಗಬಾರದಿತ್ತು.

“ನೀವು ಯಾರ ಪೈಕೀರಿ?”

“ನಿಮ್ಮ ಮಗನ ಮಾಸ್ತರಬಾಯಿ ರೀ.”

“ಹೌದ್ರಿ? ಭಾಳ ಚಲೋ ಆತು. ಒಂದು ರೊಟ್ಟಿ ಸಿಕ್ಕೀತೇನ್ರಿ? ಹೊಟ್ಟಿ ಭಾಳ ಹಸದೈತಿ.” ಮರುಕ್ಷಣವೇ ಮತ್ತೆ ಕೇಳಿದರು. “ನೀವು ಯಾರ ಪೈಕೀರಿ?”

ಮೂರು ಸಲ ಕೇಳಿದರು. ಮೂರು ಸಲವೂ ಮೇಡಂ ಮೊದಲ ಸಲದಷ್ಟೇ ಗೌರವದಿಂದ ಉತ್ತರ ಕೊಟ್ಟರು. ಮಾತಿನ ನಡುವೆಯೇ ಅಪ್ಪನ ನಾಡಿ ಹಿಡಿದು ನೋಡಿದರು, ಕೆಂಪಗಿದ್ದ ಕಣ್ಣು ನೋಡಿದರು, ಒಣಗಿದ್ದ ನಾಲಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಅಪ್ಪಾರು ಏನ ತಗೊಂಡಾರ ಇವತ್ತ?”

“ಏನಿಲ್ರಿ ಮೇಡಂ. ಉಪವಾಸ ಅದಾರ.”

ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೈಯಲಿಲ್ಲ. “ಚಹಾ ತರ್ತೇನಿ, ಕುಂದರು” ಎಂದು ಹೊರಗೆ ಹೋದರು.

ಹದಿನೈದು ನಿಮಿಷ ಬಿಟ್ಟು ಎರಡು ಚಹಾ ಹಿಡಿದು ಬಂದರು. ಕಾರಿಡಾರಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು. ಆಗ ಅವರು ಆಡಿದ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಪಕ್ಕದಲ್ಲಿದ್ದ ಕಾಕಾನಿಗೂ ಕೇಳಿಸದಷ್ಟು ಸಣ್ಣ ದನಿ.

“ನಾ ಪಾಠ ಹೇಳಾಕ ಬಂದಿಲ್ಲ. ನಿನಗ ಬರ್ತೈತಿ, ನೀನ ವಿಚಾರ ಮಾಡು. ಹೊಟ್ಯಾಗ ಹಾಲು ಬದಾಮಿ ಹೋಗಿದ್ದರ ಅದು ಈ ಹೊತ್ತಿಗೆ ಇಳದಿರಬೇಕಿತ್ತು. ಆದ್ರ ಹೊಟ್ಟೀನ ನಿಧಾನ ಆಗಿದ್ರ? ಮಲಗಿಸಿದಾಗ ಅದು ಮ್ಯಾಲ ಬಂದು ಪುಪ್ಪುಸಕ್ಕ ಹೋತಂದ್ರ ಮುಗೀತು. ಬೆನ್ನಾಗ ಸೂಜಿ ಕೊಟ್ಟರೂ ಬಿ.ಪಿ. ಇಳೀತೈತಿ, ಒಳಗ ಕುಂತಾಂವನೂ ಇಳಸಾಕತ್ತಾನ. ಇಬ್ಬರೂ ಕೂಡಿ ಎಳದ್ರ ಎದಿ ತಡಕೊಳ್ಳೂದಿಲ್ಲ. ಮುದಕರು ಅವರು.” ಚಹಾ ಒಂದು ಗುಟುಕು ಕುಡಿದರು. “ಡಾಕ್ಟರ್ ಆ ಖೋಲ್ಯಾಗ ಅದಾರ. ಹೇಳೂದಿದ್ದರ ಹೋಗು, ಹೇಳು.”

ಅಷ್ಟೇ. ತಮ್ಮ ಚಹಾ ಮುಗಿಸಿದರು. ನನ್ನ ಕಡೆ ನೋಡಲೂ ಇಲ್ಲ.

ನಾನು ಎಷ್ಟು ಹೊತ್ತು ಕುಳಿತೆನೋ. ಚಹಾದ ಮೇಲೆ ಕೆನೆ ಕಟ್ಟಿತು. ಕಾಕಾ ಎರಡು ಸಲ ಕೆಮ್ಮಿದರು, ಆ ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು. ಹೇಳಿದರೆ ಇಡೀ ಗಡಹಿಂಗ್ಲಜಕ್ಕೆ ಸುದ್ದಿ, ಔಷಧದವನೇ ಅಪ್ಪನಿಗೆ ಕುಡಿಸಿ ಕೆಡವಿದ ಎಂದು. ಹೇಳದಿದ್ದರೆ ಒಂದೂವರೆ ತಾಸಿನಲ್ಲಿ ಅಪ್ಪನನ್ನು ಒಳಗೆ ಒಯ್ಯುತ್ತಾರೆ. ಒಳಗಿನಿಂದ ಅಪ್ಪ, “ತಮ್ಮಾ, ರೊಟ್ಟಿ ತಂದೇನೋ?” ಎಂದು ಕೂಗಿದರು. ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಎದ್ದೆ. ಕಾಕಾ ತೋಳು ಹಿಡಿದರು. ಬಿಡಿಸಿಕೊಂಡು ಹೋದೆ.

“ಡಾಕ್ಟರ್, ಮೀ ಖೋಟಂ ಬೋಲಲೋ” ಅಂದೆ. ನಾನು ಸುಳ್ಳು ಹೇಳಿದೆ. ಆಮೇಲೆ ಎಲ್ಲ ಹೇಳಿದೆ. ಎಷ್ಟು ಗ್ಲಾಸು, ಎಷ್ಟು ಹೊತ್ತಿಗೆ, ಹಾಲು ಎಷ್ಟು, ಯಾರು ಕೊಟ್ಟದ್ದು. ಅಪ್ಪ ಸಾಕು ಎಂದರೂ ನಾನು ಕೈ ಸರಿಸಿ ಬಡಿಸಿದೆ ಎನ್ನುವುದನ್ನೂ ಹೇಳಿದೆ, ಅದನ್ನು ಅವರೇನೂ ಕೇಳಿರಲಿಲ್ಲ. ನನ್ನ ಮೇಲೆ ಹರಿಹಾಯುತ್ತಾರೆಂದು ಕಾದೆ. ಅವರ ಮುಂದೆ ಅಪ್ಪನ ಫೈಲು ತೆರೆದೇ ಇತ್ತು. ನಿಧಾನವಾಗಿ ಒಂದೊಂದನ್ನೇ ಬರೆದುಕೊಂಡರು. “ಬರಂ ಝಾಲಂ, ಸಾಂಗಿತಲಂತ” ಅಂದರು, ಹೇಳಿದಿರಿ, ಒಳ್ಳೆಯದಾಯಿತು. ಆ ಸಂಜೆಯ ಆಪರೇಷನ್ ನಿಂತಿತು. ಮೂರನೆಯ ದಿನ ಬೇರೆ ಸರ್ಜನ್ ಮಾಡಿದರು. ಎಲ್ಲ ಸುಸೂತ್ರವಾಯಿತು.

ಅಪ್ಪ ಈಗ ಕೋಲು ಹಿಡಿದು ಕಬ್ಬಿನ ಬದುವಿನ ಮೇಲೆ ಓಡಾಡುತ್ತಾರೆ. ಮಾನ ಹೋಗುವ ಮಾತು ಬಂತಲ್ಲ, ಅದನ್ನು ಮುಂದಿನ ಶಿವರಾತ್ರಿಗೆ ಅಪ್ಪನೇ ಬಗೆಹರಿಸಿದರು. ಹೊಲದ ಮನೆಯಲ್ಲಿ ಎಲ್ಲರ ಮುಂದೆ, “ನಾ ಭಂಗಿ ಕುಡದ ಬಿದ್ದೇನಿ. ಮುಚ್ಚಿಡೂದೇನೈತಿ ಅದರಾಗ? ಈ ವರ್ಷ ಬರೇ ಬದಾಮಿ ಅರೀರಿ” ಎಂದರು. ಕಾಕಾ ಬರೇ ಬದಾಮಿ ಅರೆದರು. ಅಪ್ಪನನ್ನು ಈಗಲೂ ಬದುವಿನ ಜಗಳಕ್ಕೆ ಕರೆಯುತ್ತಾರೆ.

ನಾನೂ ಬದಲಾದೆ ಎನ್ನಬೇಕು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಹಾಕಿಸಿದ್ದೇನೆ. ಬಂದವರನ್ನು ಕೂರಿಸಿ ಏನು ತಿಂದಿದ್ದೀರಿ ಎಂದಷ್ಟೇ ಕೇಳುವುದಿಲ್ಲ. ಪ್ರಸಾದ, ಕಷಾಯ, ಪೂಜಾರಿ ಕೊಟ್ಟ ಬೇರು, ಪೈಲವಾನ ಕೊಟ್ಟ ಪುಡಿ ಎಲ್ಲವನ್ನೂ ಹೆಸರು ಹಿಡಿದು ಕೇಳುತ್ತೇನೆ. ನನ್ನ ಕತೆಯನ್ನು ಮೊದಲು ಹೇಳುತ್ತೇನೆ, ಆಮೇಲೆ ಅವರು ತಮ್ಮದನ್ನು ಹೇಳುತ್ತಾರೆ. ಆ ಕತೆ ಹೇಳುವಾಗ ಕೊನೆಗಳಿಗೆಯಲ್ಲಿ ಎದ್ದು ಹೋಗಿ ಅಪ್ಪನ ಜೀವ ಉಳಿಸಿದ ಮಗನ ಭಾಗಕ್ಕೆ ಬಂದಾಗ ನನ್ನ ದನಿ ಸ್ವಲ್ಪ ಏರುತ್ತಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮೇಡಂ ಮೆಣಸಿನಕಾಯಿಗೆ ಬಂದಾಗ ಒಮ್ಮೆ ಅವರ ಎದುರಿಗೂ ಹೀಗೆಯೇ ಹೇಳಿದೆ. ಅವರು ಪೂರ್ತಿ ಕೇಳಿದರು. “ಚಲೋ ಮಾಡಿದಿ” ಎಂದರು.

ಕಳೆದ ತಿಂಗಳು ಸುದ್ದಿ ಬಂದ ಕೂಡಲೇ ಇಚಲಕರಂಜಿಗೆ ಹೋದೆ. ಮೇಡಂ ಅವರ ಅಣ್ಣನ ಮನೆಯಲ್ಲಿ ಅವರನ್ನು ಇಟ್ಟಿದ್ದರು. ಆ ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಅವರ ಕೈಯಲ್ಲಿ ಕಲಿತವರು ಶಿರೋಳದಿಂದ, ಜಯಸಿಂಗಪುರದಿಂದ, ಎಲ್ಲೆಲ್ಲಿಂದಲೋ ಬಂದಿದ್ದರು. ಔಷಧದ ಅಂಗಡಿಗಳು ಆವತ್ತು ಅರ್ಧ ಜಿಲ್ಲೆಯಲ್ಲಿ ಮುಚ್ಚಿದ್ದಿರಬೇಕು.

ಗುಂಪಿನಲ್ಲಿ ಆ ಅರಿವಳಿಕೆಯ ಡಾಕ್ಟರು ಕಂಡರು. ಹತ್ತಿರ ಹೋಗಿ ಗುರುತು ಹೇಳಿದೆ. ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ನಿಮಗೂ ಮೇಡಂ ಪಾಠ ಹೇಳಿದ್ದರೇ ಎಂದು ನಾನು ಕೇಳಿದೆ. ಇಲ್ಲ, ಆ ದಿನವೇ ಮೊದಲ ಪರಿಚಯ ಎಂದರು. ಆಮೇಲೆ ಮರಾಠಿಯಲ್ಲಿ ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚಹಾ ತರುತ್ತೇನೆಂದು ಹೊರಗೆ ಹೋದ ಮೇಡಂ ಮೊದಲು ಹೋದದ್ದು ಡಾಕ್ಟರ ಕೋಣೆಗೆ. ಹಾಲು, ಬದಾಮಿ, ಭಂಗಿ, ಎಲ್ಲವೂ ಇರಬೇಕೆಂದು ಹೇಳಿದರು. ಡಾಕ್ಟರು ಅವರ ಎದುರಿಗೇ ಸರ್ಜನ್‌ಗೆ ಫೋನು ಮಾಡಿ ಆಪರೇಷನ್ ರದ್ದು ಮಾಡಿದರು. ನಾನು ಕೆನೆಗಟ್ಟಿದ ಚಹಾ ಹಿಡಿದು ಕುಳಿತಿದ್ದಾಗ ಅಪ್ಪನಿಗೆ ಯಾವ ಅಪಾಯವೂ ಉಳಿದಿರಲಿಲ್ಲ. ಹೊರಡುವ ಮುನ್ನ ಮೇಡಂ ಒಂದು ಮಾತು ಕೇಳಿಕೊಂಡರಂತೆ: ಫೈಲು ಸ್ವಲ್ಪ ಹೊತ್ತು ತೆರೆದಿಡಿ, ಹುಡುಗ ತಾನಾಗಿ ಬಂದು ಹೇಳುತ್ತಾನೆ, ಅವನ ಬಾಯಿಂದ ಕೇಳಿಯೇ ಬರೆದುಕೊಳ್ಳಿ.

“ನಾನೂ ಕೇಳಿದೆ, ಅವನು ಬರದೇ ಇದ್ದರೆ ಏನು ಮಾಡಲಿ ಅಂತ” ಎಂದರು ಡಾಕ್ಟರು. “ಅದಕ್ಕೆ ಮೇಡಂ, ಬರದಿದ್ದರೆ ಮಷೀನು ಕೆಟ್ಟಿದೆ ಅಂತ ಹೇಳಿ ಮುಂದಕ್ಕೆ ಹಾಕಿ, ನಾನು ನಿಮ್ಮ ಹತ್ತಿರ ಬಂದು ಹೋದದ್ದು ಅವನಿಗೆ ಯಾವತ್ತೂ ಗೊತ್ತಾಗುವುದು ಬೇಡ ಅಂದರು.”

ನಾಲ್ಕು ವರ್ಷ ನಾನು ಅಂಗಡಿಯಲ್ಲಿ ಕುಳಿತು ಬಂದವರಿಗೆಲ್ಲ ಅಪ್ಪನನ್ನು ಉಳಿಸಿದೆ ಎಂದು ಹೇಳಿದ್ದೆ. ಅಪ್ಪನನ್ನು ಉಳಿಸಿದವರು ಅವರು. ಉಳಿಸಿ, ಅದನ್ನು ನನ್ನ ಕೈಗೆ ಕೊಟ್ಟು, ನನ್ನ ಅಂಗಡಿಗೆ ಬಂದು, ನನ್ನ ಕತೆಯನ್ನು ಪೂರ್ತಿ ಕೇಳಿ, ಚಲೋ ಮಾಡಿದಿ ಎಂದು ಹೋದರು.